ದೂರು: ಬಿಲ್‌ನಲ್ಲಿ ಇರುವ ಅರ್ಥಿಂಗ್ ಪಂಪ್‌ಹೌಸಿನಲ್ಲಿ ಇಲ್ಲ

ಮಾನ್ಯರೇ,

ವಿರಾಜಪೇಟೆ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಮೀಟರ್ ಬೋರ್ಡಿನಿಂದ ಕೆರೆ ದಡದ ಪಂಪ್‌ಹೌಸಿಗೆ 140 ಮೀಟರ್, 4 ಕೋರ್ 16 ಚದರ ಮಿ.ಮೀ. ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ (ಒಳಗಿನ ವೈರುಗಳ ಸುತ್ತ ಲೋಹದ ತಂತಿಗಳ ಕವಚ, ಅಂದರೆ ಆರ್ಮರ್, ಇರುವ ಕೇಬಲ್) ಎಳೆದು 10 ಎಚ್‌ಪಿ ಮೋಟಾರಿಗೆ ಕನೆಕ್ಷನ್ ಕೊಟ್ಟವರು ನೀವು. ಹಣ ಪೂರ್ತಿ ಸಂದಾಯವಾಗಿದೆ. ಆರು ಸಲ ಫೋನ್ ಮಾಡಿ ಆರು ಸಲವೂ "ನಾಳೆ ಹುಡುಗರನ್ನ ಕಳಿಸ್ತೀವಿ" ಎಂದು ಕೇಳಿಸಿಕೊಂಡ ಮೇಲೆ ಈ ಪತ್ರ.

ನಿಮ್ಮ ಬಿಲ್‌ನಲ್ಲಿ ಅರ್ಥ್ ಟ್ಯಾಗ್ ಸಮೇತ ಹಿತ್ತಾಳೆಯ ಡಬಲ್ ಕಂಪ್ರೆಷನ್ ಗ್ಲ್ಯಾಂಡ್ 2 ಎಂದಿದೆ. ಗ್ಲ್ಯಾಂಡ್ ಎಂದರೆ ಕೇಬಲ್ ತುದಿಯನ್ನು ಪೆಟ್ಟಿಗೆಗೆ ಬಿಗಿಯುವ ಲೋಹದ ಹಿಡಿಕೆ, ಟ್ಯಾಗ್ ಎಂದರೆ ಅದಕ್ಕೆ ಅರ್ಥ್ ವೈರ್ ಸೇರಿಸುವ ಪಟ್ಟಿ. ಮೀಟರ್ ಬೋರ್ಡಿನಲ್ಲಿ ಇರುವುದು ಸಿಂಗಲ್ ಕಂಪ್ರೆಷನ್ ಗ್ಲ್ಯಾಂಡ್. ಟ್ಯಾಗ್ ಇಲ್ಲ, ಗ್ಲ್ಯಾಂಡ್ ಲೋಹಕ್ಕೆ ತಾಗುವಂತೆ ಪ್ಲೇಟಿನ ಪೇಂಟ್ ಸಹ ಕೆರೆದಿಲ್ಲ. ಸ್ಟಾರ್ಟರ್ ಕಡೆ ಗ್ಲ್ಯಾಂಡೇ ಇಲ್ಲ. ಆರ್ಮರ್ ತಂತಿಗಳನ್ನು ಸಮನಾಗಿ ಕತ್ತರಿಸಿ ಕಪ್ಪು ಟೇಪ್ ಸುತ್ತಿದ್ದಾರೆ. ಆ ತಂತಿಗಳನ್ನು ಗ್ಲ್ಯಾಂಡಿನ ಕೋನ್ ಮೇಲೆ ಸುತ್ತಲೂ ಹರಡಿ ಬಿಗಿಯಬೇಕು, ಟ್ಯಾಗಿನಿಂದ ಲಗ್ ಹಾಕಿ ತಾಮ್ರದ ವೈರನ್ನು ಅರ್ಥ್ ಬಸ್‌ಬಾರಿಗೆ ಒಯ್ಯಬೇಕು, ಇಂಥ ಮಲ್ಟಿಕೋರ್ ಕೇಬಲ್ಲಿಗೆ ಎರಡೂ ತುದಿಯಲ್ಲಿ ಹಾಗೇ ಮಾಡಬೇಕು ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಲೈಸೆನ್ಸ್ ಗೋಡೆಗೆ ತೂಗುಹಾಕಿದ್ದೀರಿ.

ಕಳೆದ ಸೋಮವಾರ ಕೊನೆಗೂ ನಿಮ್ಮ ಸೂಪರ್‌ವೈಸರ್ ಬಂದರು. ಟೆಸ್ಟರನ್ನು ಮೋಟಾರ್ ಬಾಡಿಗೆ ಮುಟ್ಟಿಸಿ, "ನೋಡಿ ಸಾರ್, ಹತ್ತಲ್ಲ. ಎಲ್ಲಿದೆ ಕರೆಂಟು?" ಎಂದರು. ಫಾಲ್ಟ್ ಇಲ್ಲದ ದಿನ ಟೆಸ್ಟರ್ ಹತ್ತುವುದಿಲ್ಲ. ಬ್ರೇಕ್ ಇಲ್ಲದ ಜೀಪೂ ಶೆಡ್ಡಿನಲ್ಲಿ ಚೆನ್ನಾಗಿಯೇ ನಿಂತಿರುತ್ತದೆ. ಟೇಪ್ ಬಿಚ್ಚಿ ಆರ್ಮರ್ ತೋರಿಸಿದೆ. ನಮ್ಮ ರೈಟರ್ (ತೋಟದ ಗುಮಾಸ್ತ) ಮತ್ತು ಏಳು ಜನ ಆಳುಗಳ ಎದುರು ನಕ್ಕರು. "ಆರ್ಮರ್ ಇರೋದು ಹೆಗ್ಗಣ ಕಡೀಬಾರ್ದು ಅಂತ ಸಾರ್, ಅರ್ಥಿಂಗಿಗಲ್ಲ. ಯೂಟ್ಯೂಬ್ ನೋಡಿದ್ರಾ?" ಫಾಲ್ಟ್ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ಗುಂಡಿಗೆ ಮೀಟರ್ ಇಟ್ಟರೆ ರೆಸಿಸ್ಟೆನ್ಸ್ (ಕರೆಂಟಿಗಿರುವ ಅಡ್ಡಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 14 ಓಮ್. ಕೂಡಲೇ ನಮ್ಮ ಆಳಿನ ಕೈಲೇ ಕೆರೆಯಿಂದ ನಾಲ್ಕು ಬಕೆಟ್ ನೀರು ಹೊರಿಸಿ ಗುಂಡಿಗೆ ಸುರಿಸಿದರು, ಒಂದು ಬೀಡಿ ಸೇದಿದರು, ಮತ್ತೆ ಅಳೆದರು. 5 ಬಂತು. ರಿಪೋರ್ಟಿನಲ್ಲಿ 5 ಎಂದೇ ಬರೆದರು. 14 ಎಲ್ಲೂ ಇಲ್ಲ. "ನೀವು ಕಾಫಿ ನೋಡ್ಕೊಳ್ಳಿ ಸಾರ್, ಕರೆಂಟ್ ನಾವು ನೋಡ್ಕೋತೀವಿ." ಕಾಫಿ ಕೊಟ್ಟರೆ ಬೇಡವೆಂದು ಟೀ ಕೇಳಿದರು. ಅದನ್ನು ದೂರಿನಲ್ಲಿ ಸೇರಿಸುತ್ತಿಲ್ಲ.

ಕೊಡಗಿನ ಜುಲೈಯಲ್ಲಿ ಯಾವ ಗುಂಡಿಯೂ ಪಾಸಾಗುತ್ತದೆ, ಬಕೆಟ್ ಬೇಕಿಲ್ಲ. ಈ ಮೋಟಾರ್ ಓಡುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ, ಮಣ್ಣು ಒಣಗಿ ಬಿರಿದಿರುವಾಗ. ಆಗ ಮೋಟಾರ್ ಬಾಡಿಗೆ ಫೇಸ್, ಅಂದರೆ ಕರೆಂಟಿರುವ ವೈರ್, ತಗುಲಿತೆನ್ನಿ. 230 ವೋಲ್ಟಿಗೆ 14 ಓಮ್ ಎಂದರೆ ಹೆಚ್ಚೆಂದರೆ 16 ಆಂಪ್ಸ್. ಕರೆಂಟ್ ಮಿತಿ ಮೀರಿದರೆ ತಾನೇ ಬೀಳಬೇಕಾದ ಸ್ವಿಚ್, ನೀವು ಹಾಕಿದ ಸಿ ಕರ್ವ್ 32 ಆಂಪ್ಸ್ ಎಂಸಿಬಿ, ಅದನ್ನು ದಿನವಿಡೀ ಹೊತ್ತು ನಿಲ್ಲುತ್ತದೆ. ಸಿ ಕರ್ವ್ ಎಂದಮೇಲೆ ತಟ್ಟನೆ ಬೀಳಲು ಅದಕ್ಕೆ 32ರ ಐದು ಪಟ್ಟು, ಕನಿಷ್ಠ 160 ಬೇಕು. ನಿಮ್ಮ ಬಕೆಟ್ ಲೆಕ್ಕದ 5 ಓಮ್‌ಗೂ ಬರುವುದು 46 ಮಾತ್ರ. ಅಷ್ಟು ಹೊತ್ತೂ ಮೋಟಾರ್ ಬಾಡಿಯಲ್ಲಿ ಸುಮಾರು 200 ವೋಲ್ಟ್, ಪಕ್ಕದಲ್ಲಿ ಒದ್ದೆ ಕಾಲಿನಲ್ಲಿ ವಾಲ್ವ್ ತಿರುಗಿಸುವ ಆಳು.

ಅದಕ್ಕಾಗಿಯೇ ಕೊಟೇಶನ್‌ನಲ್ಲಿ 4 ಪೋಲ್ 100 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್, ಇತ್ತು. 14 ಓಮ್ ಇದ್ದರೂ ಮೋಟಾರ್ ಬಾಡಿಗೆ ಒಂದೂವರೆ ವೋಲ್ಟ್ ಏರುವ ಮೊದಲೇ ಅದು ಬೀಳುತ್ತದೆ. ನಿಮ್ಮವರು "ಮಳೆಗೆ ಟ್ರಿಪ್ ಆಗ್ತದೆ" ಎಂದು ಅದನ್ನು ಬೈಪಾಸ್ ಮಾಡಿದ್ದಾರೆ. ಹುಡುಕಬೇಕಾದದ್ದು ನೀರು ಕುಡಿದ ಜಾಯಿಂಟನ್ನು. ಇನ್ನು, ಬೈಪಾಸ್ ತೆಗೆದರೂ ಆರ್ಮರ್ ಅರ್ಥ್ ಆಗದಿದ್ದರೆ ಏನು ಪ್ರಯೋಜನ? ಚರಂಡಿ ತೆಗೆಯುವಾಗ ಪಿಕಾಸಿ ಕೇಬಲ್ಲಿಗೆ ತಗುಲಿ ಫೇಸ್ ಆರ್ಮರಿಗೆ ಬಂದರೆ, ಕರೆಂಟಿಗೆ ನೆಲಕ್ಕಿಳಿಯಲು ಸರಿಯಾದ ದಾರಿ ಇಲ್ಲ. ಆರ್‌ಸಿಸಿಬಿಗೆ ಏನೂ ಕಾಣದೇ ಹೋಗಬಹುದು. ಆಗ ತುದಿಯ ಟೇಪ್ ಬಿಚ್ಚಿ ಮುಟ್ಟಿದವನ ಮೈಯೇ ದಾರಿ.

ಹತ್ತು ದಿನದೊಳಗೆ ಬಂದು ಎರಡೂ ತುದಿಗೆ ಬಿಲ್‌ನಲ್ಲಿರುವ ಗ್ಲ್ಯಾಂಡ್ ಹಾಕಿ, ಆರ್ಮರಿನ ಕಂಟಿನ್ಯುಟಿ (ತುದಿಯಿಂದ ತುದಿಗೆ ಕಡಿಯದೆ ಕೂಡಿದೆಯೇ ಎಂಬುದು) ಅಳೆದು ತೋರಿಸಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಕೇಳುವಂತೆ ಮೋಟಾರ್ ಬಾಡಿಗೆ ಎರಡು ಪ್ರತ್ಯೇಕ ಅರ್ಥ್ ಕೊಡಿ. ಈಗ ಇರುವುದು ಒಂದು, ಅದೂ ತುಕ್ಕು ಹಿಡಿದ ಬೋಲ್ಟಿನಡಿ. ಎರಡನೇ ಗುಂಡಿಗೆ ಅರ್ಥಿಂಗಿನ ಭಾರತೀಯ ಮಾನಕ ಐಎಸ್ 3043ರ ಪ್ರಕಾರ 40 ಮಿ.ಮೀ. ಜಿಐ ಪೈಪ್ ಎರಡೂವರೆ ಮೀಟರ್ ಆಳಕ್ಕೆ ಹೋಗಲಿ. ಮೊದಲನೆಯದರಲ್ಲಿ ಪೈಪ್ ಎಷ್ಟು ಉದ್ದವಿದೆ ಎಂದು ಅಗೆದು ನೋಡಲು ಆಳುಗಳಿಗೆ ಹೇಳಿಯಾಗಿದೆ.

ಬಾರದಿದ್ದರೆ ಟೇಪ್ ಸುತ್ತಿದ ಆರ್ಮರಿನ ಫೋಟೋ, ನಿಮ್ಮ ಬಿಲ್ ಮತ್ತು ಆ 5 ಓಮ್ ರಿಪೋರ್ಟ್ ಮೂರೂ ವಿದ್ಯುತ್ ಪರಿವೀಕ್ಷಣಾಲಯಕ್ಕೆ, ಲೈಸೆನ್ಸ್ ಕೊಟ್ಟವರಿಗೆ ಮತ್ತು ಮಡಿಕೇರಿಯ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತವೆ. ಪರಿವೀಕ್ಷಕರು ಬರುವ ದಿನ ನಿಮ್ಮ ಸೂಪರ್‌ವೈಸರನ್ನೇ ಕಳಿಸಿ. ಅವತ್ತು ಬಕೆಟ್‌ಗಳನ್ನೆಲ್ಲ ಗೋದಾಮಿಗೆ ಹಾಕಿ ಬೀಗ ಜಡಿದಿರುತ್ತೇವೆ.

ಇತಿ,
ತೋಟದ ಮ್ಯಾನೇಜರ್