ಮಗಳಿಗೊಂದು ಪತ್ರ: ಬೊಂಬೆ ನಿನ್ನ ತುಂಡಿನಲ್ಲೇ ಇತ್ತು

ಗ್ವಾದಲಹಾರ, ಮೆಕ್ಸಿಕೊ
ಜನವರಿ 8

ಪುಟ್ಟಿ,

ಮೊನ್ನೆ 6ನೇ ತಾರೀಕು ರಾತ್ರಿ ಪಕ್ಕದ ಮನೆಯಲ್ಲಿ ಹಬ್ಬದ ಸಿಹಿ ಬ್ರೆಡ್ಡು ರೋಸ್ಕಾ ಕತ್ತರಿಸಿದೆವು. ನೀನಿಲ್ಲದ ಮೊದಲ ರೋಸ್ಕಾ. ಆದರೂ ಆ ಮನೆಯ ಅಜ್ಜಿ, ನಮ್ಮ ಅಬುವೆಲಿತಾ, ನಿನ್ನ ಹೆಸರು ಹೇಳಿ ಒಂದು ತುಂಡು ತೆಗೆದಿಟ್ಟಿದ್ದರು. ಎಲ್ಲರೂ ತಿಂದು ಮುಗಿಸಿದರು, ಯಾರಿಗೂ ಒಳಗೆ ಬಚ್ಚಿಟ್ಟ ಬೊಂಬೆ ಸಿಗಲಿಲ್ಲ. ಕೊನೆಗೆ ನಿನ್ನ ತುಂಡು ಮುರಿದರೆ ಅದರಲ್ಲಿತ್ತು! ಮನೆ ತುಂಬ ಚಪ್ಪಾಳೆ. "ಬೆಂಗಳೂರಲ್ಲಿದ್ದರೆ ಏನಂತೆ? ಫೆಬ್ರವರಿ 2ಕ್ಕೆ ತಮಾಲೆ ಅವಳದ್ದೇ" ಅಂದರು ಅಬುವೆಲಿತಾ. ಮುಸುಕಿನ ಜೋಳದ ಹಿಟ್ಟನ್ನು ಸುತ್ತಿ ಹಬೆಯಲ್ಲಿ ಬೇಯಿಸುವ ಆ ಕಡುಬು ಇನ್ನು ನಿನ್ನ ಹೊಣೆ. ಅವರು ಸುಮ್ನೆ ಹೇಳುವವರಲ್ಲ, ನಿನಗೇ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೋನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ.

ನಾವು ಇಲ್ಲಿಗೆ ಬಂದ ಹೊಸದರಲ್ಲಿ ಆ ಬೊಂಬೆ ನನಗೆ ಸಿಕ್ಕಿತ್ತು. ನೀನಾಗ ಮೂರು ವರ್ಷದವಳು. ಬಳೆಯ ಹಾಗೆ ದುಂಡಗಿನ ದೊಡ್ಡ ಸಿಹಿ ಬ್ರೆಡ್ಡು, ಮೇಲೆ ಸಕ್ಕರೆಯಲ್ಲಿ ಅದ್ದಿದ ಬಣ್ಣಬಣ್ಣದ ಹಣ್ಣು. ಒಂದು ಸಲ ಕಚ್ಚಿದ್ದೇ ಹಲ್ಲಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ತೆಗೆದು ನೋಡಿದರೆ ಬೆರಳುದ್ದವೂ ಇಲ್ಲದ ಬಿಳಿ ಮಗು. ಮೂವರು ರಾಜರು ಬಾಲ ಏಸುವನ್ನು ನೋಡಲು ಬಂದ ದಿನ ಅದು. ಮಗು ಯಾರಿಗೆ ಸಿಗುತ್ತೋ ಅವರು ಅದರ ಹೊಣೆ ಹೊತ್ತ ಹಾಗೆ. ಕ್ರಿಸ್ಮಸ್ಸಿನಿಂದ 40ನೇ ದಿನಕ್ಕೆ ಬರುವ ಕಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ಅವರೇ ತಮಾಲೆ ಹಾಕಬೇಕು. ನನಗೆ ಇದೊಂದೂ ಗೊತ್ತಿರಲಿಲ್ಲ. ಸ್ಪ್ಯಾನಿಷ್ ಕೂಡ ನಾಲ್ಕು ಮಾತಷ್ಟೇ ಬರುತ್ತಿತ್ತು. ಇಪ್ಪತ್ತು ಜನಕ್ಕೆ ಅಡುಗೆ ಅಂದಾಗ ಗಾಬರಿಯಾಯಿತು.

ಫೆಬ್ರವರಿ 1ರಂದು ಅಬುವೆಲಿತಾ ಮುಸುಕಿನ ಜೋಳದ ಚೀಲ ಹೊರಿಸಿಕೊಂಡು ನಮ್ಮ ಮನೆಗೇ ಬಂದರು. ಹಿಂದೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಸೊಸೆ. ತಮಾಲೆಯನ್ನು ಇಲ್ಲಿ ಯಾರೂ ಒಬ್ಬರೇ ಕೂತು ಮಾಡುವುದಿಲ್ಲ. ಹೀಗೆ ಸೇರಿ ಮಾಡುವುದಕ್ಕೆ ತಮಲಾದಾ ಅಂತ ಹೆಸರೇ ಇದೆ. ಜೋಳವನ್ನು ನೀರಿಗೆ ಹಾಕಿ ಒಲೆ ಮೇಲಿಟ್ಟರು. ಆಮೇಲೆ ಒಂದು ಪೊಟ್ಟಣ ಬಿಚ್ಚಿ ಬಿಳಿ ಪುಡಿ ಸುರಿದು ಕದಡಿದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತಲ್ಲೇ ನಿಂತೆ. ಸುಣ್ಣ! ತಾತ ಎಲೆಅಡಿಕೆಗೆ ಹಚ್ಚುತ್ತಿದ್ದ ಅದೇ ಸುಣ್ಣ. ಸ್ವಲ್ಪ ಹೊತ್ತಿಗೆ ಕಾಳು ಹಳದಿ ತಿರುಗಿತು. ಮರುದಿನ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಬಿಟ್ಟುಕೊಂಡು ಬಂತು. ಸುಣ್ಣ ಹಾಕದೆ ಬೇಯಿಸಿದರೆ ಹಿಟ್ಟು ಹಿಡಿದುಕೊಳ್ಳುವುದಿಲ್ಲ. ಜೋಳದ ಸತ್ವವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜೋಳ ಇಲ್ಲಿಂದ ಯೂರೋಪಿಗೆ ಹೋಯಿತು, ಈ ಕ್ರಮ ಹೋಗಲಿಲ್ಲ. ಜೋಳವನ್ನೇ ನೆಚ್ಚಿಕೊಂಡ ಅಲ್ಲಿನ ಬಡವರಿಗೆ ಪೆಲಾಗ್ರಾ ಅನ್ನುವ ಕಾಯಿಲೆ ಬಂತು. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಅಡುಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಸುಣ್ಣದ ಕ್ರಮವನ್ನೂ ಹೆಸರಿಸಿದೆ. ಅಷ್ಟು ದೊಡ್ಡ ವಿದ್ಯೆಯನ್ನು ಅವರು ನನ್ನ ಅಡುಗೆಮನೆಯಲ್ಲಿ ನಿಂತು, ಕೈಸನ್ನೆಯಲ್ಲೇ ಹೇಳಿಕೊಟ್ಟರು.

ಆ ವರ್ಷವೇ ಜುಲೈಯಲ್ಲಿ ತಾತ ತೀರಿಕೊಂಡರು. ನಿನಗೆ ಜೋರು ಜ್ವರ. ನಾನು ಮಣ್ಣಿಗೆ ಹೋಗಲಾಗಲಿಲ್ಲ. ಪಿತೃಪಕ್ಷ ಬಂತು. ಮಂಡ್ಯದಲ್ಲಿ ಅಜ್ಜಿ, ಮಾವ ಎಲ್ಲ ಸೇರಿ ಎಡೆ ಇಟ್ಟರು. ನಾನಿಲ್ಲಿ ಫೋನ್ ಹಿಡಿದು ಕೂತಿದ್ದೆ. ಈ ಮಾತನ್ನು ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ.

ಅಕ್ಟೋಬರ್ ಕೊನೆಗೆ ಅಬುವೆಲಿತಾ ಬಾಗಿಲು ತಟ್ಟಿದರು. "ನಿಮ್ಮಪ್ಪನ ಫೋಟೊ ಕೊಡು" ಅಂದರು. ಅವರ ಮನೆಯ ನಡುವೆ ಒಫ್ರೆಂದಾ ಕಟ್ಟಿದ್ದರು, ಸತ್ತವರಿಗೆ ಇಡುವ ಎಡೆ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಮೇಲೆ ಬಟ್ಟೆ ಹಾಸಿ, ದೀಪ, ನೀರು, ಉಪ್ಪು, ಕೊಪಾಲ್ ಧೂಪ, ಮೂಳೆಯ ಆಕಾರ ಕೂರಿಸಿದ ಸಿಹಿ ಬ್ರೆಡ್ಡು. ಸುತ್ತ ಎಲ್ಲಿ ನೋಡಿದರೂ ಚೆಂಡುಹೂವು. ನಮ್ಮ ದಸರಾ ಹೂವು ಇಲ್ಲಿಗೆ ಹೇಗೆ ಬಂತು ಅಂದುಕೊಂಡೆ. ಅದರ ತವರು ಮೆಕ್ಸಿಕೊನೇ, ಇಲ್ಲಿಂದ ನಮ್ಮ ಕಡೆ ಬಂದದ್ದು ಅಂತ ಆಮೇಲೆ ತಿಳಿಯಿತು. ನವೆಂಬರ್ 1ಕ್ಕೆ ತೀರಿಹೋದ ಮಕ್ಕಳು ಬರುತ್ತಾರೆ, 2ಕ್ಕೆ ದೊಡ್ಡವರು. ಹೂವಿನ ಬಣ್ಣ, ವಾಸನೆ ಹಿಡಿದು ದಾರಿ ಕಂಡುಕೊಳ್ಳುತ್ತಾರಂತೆ.

"ಅವರಿಗೆ ಏನಿಷ್ಟ?" ಅಂತ ಕೇಳಿದರು. ಊರಿಂದ ತಂದ ರಾಗಿಹಿಟ್ಟು ಡಬ್ಬಿಯ ತಳದಲ್ಲಿ ಎರಡು ಹಿಡಿ ಉಳಿದಿತ್ತು. ಮುದ್ದೆ ಕಟ್ಟಿದೆ, ಕೋಳಿ ಸಾರು ಮಾಡಿದೆ. ಎಲೆಅಡಿಕೆ ಇಲ್ಲದೆ ತಾತನ ಊಟ ಮುಗಿಯುತ್ತಿರಲಿಲ್ಲ ಅಂತ ಹೇಳುವಷ್ಟರಲ್ಲಿ ಅಳು ಬಂತು. ಇಲ್ಲಿ ವೀಳ್ಯದೆಲೆ ಎಲ್ಲಿಂದ ತರಲಿ? ಅಬುವೆಲಿತಾ ಒಳಗೆ ಹೋದರು. ತಮಾಲೆ ಸುತ್ತುವ, ಜೋಳದ ತೆನೆಯ ಒಣ ಮುಸುಕಿನ ಒಂದು ಚೂರಿನ ಮೇಲೆ ಚಿಟಿಕೆ ಸುಣ್ಣ ತಂದು ತಾತನ ಫೋಟೊ ಮುಂದೆ ಇಟ್ಟರು. "ಇದಾದರೂ ಇದೆಯಲ್ಲ" ಅಂದರು. ಅವತ್ತಿನಿಂದ ಒಂದು ವರ್ಷವೂ ತಪ್ಪಿಲ್ಲ. ಪ್ರತಿ ವರ್ಷ ನೀನು ನೋಡುತ್ತಿದ್ದ ಆ ಸುಣ್ಣ ಅದೇ.

ನಿನಗೆ ಡಿಸೆಂಬರ್ ಅಂದರೆ ಪೊಸಾದಾನೇ ಜಾಸ್ತಿ ನೆನಪು, ಅಲ್ವಾ? 16ರಿಂದ 24ರವರೆಗೆ ಒಂಬತ್ತು ರಾತ್ರಿ, ಮನೆಯಿಂದ ಮನೆಗೆ ಹಾಡಿಕೊಂಡು. ತಿಂಡಿ ತುಂಬಿ ತೂಗುಹಾಕಿದ ಪಿನ್ಯಾತಾ ಒಡೆದ ತಕ್ಷಣ ಬಿದ್ದು ಕಿತ್ತಲೆ, ಕಡಲೆಕಾಯಿ ಎಲ್ಲ ಫ್ರಾಕಿನಲ್ಲಿ ತುಂಬಿಕೊಳ್ಳುತ್ತಿದ್ದೆ. ಹಣ್ಣು ಕುದಿಸಿದ ಬಿಸಿಬಿಸಿ ಪಾನಕ ಪೊಂಚೆಯಲ್ಲಿ ಕಬ್ಬಿನ ತುಂಡು ಹುಡುಕಿ ಹುಡುಕಿ ಜಗಿಯುತ್ತಿದ್ದೆ. ಈ ಸಲವೂ ಅದೇ ರುಚಿ. ಸೀಬೆಹಣ್ಣು, ಹುಣಸೆ, ಚಕ್ಕೆ ಎಲ್ಲ ಹಾಕಿದ್ದರು. ನಿನ್ನ ಲೋಟ ಮಾತ್ರ ಕಪಾಟಲ್ಲೇ ಇತ್ತು.

ಸರಿ, ಈಗ ನಿನ್ನ ಕೆಲಸ. ಸ್ವೀಟ್ ಕಾರ್ನ್ ತರಬೇಡ, ಅದು ಆಗುವುದಿಲ್ಲ. ದಾವಣಗೆರೆ ಕಡೆ ಬೆಳೆಯುವ ಒಣ ಮುಸುಕಿನ ಜೋಳ, ಚೊಕ್ಕವಾದದ್ದು, ಒಂದು ಕೆಜಿ ತಗೋ. 10 ಗ್ರಾಂನಷ್ಟು ಸುಣ್ಣ ಸಾಕು. ಎಲೆಅಡಿಕೆಗೆ ಹಚ್ಚುವ ಸುಣ್ಣ ಹಸಿಯಿರುತ್ತೆ, ಸ್ವಲ್ಪ ಜಾಸ್ತಿ ಹಾಕು. ಗೋಡೆಗೆ ಬಳಿಯುವ ಸುಣ್ಣ ಬೇಡವೇ ಬೇಡ. ಮೂರು ಲೀಟರ್ ನೀರಲ್ಲಿ ಅರ್ಧ ಗಂಟೆಯ ಮೇಲೆ ಬೇಯಿಸಿ, ರಾತ್ರಿಯಿಡೀ ಹಾಗೇ ಬಿಡು. ಬೆಳಿಗ್ಗೆ ಚೆನ್ನಾಗಿ ತೊಳೆದು, ನೀರು ಚಿಮುಕಿಸುತ್ತಾ ಗಟ್ಟಿಯಾಗಿ ರುಬ್ಬು. ಇಲ್ಲಿ ಹಂದಿ ಕೊಬ್ಬು ಹಾಕುತ್ತಾರೆ, ನೀನು ಬೆಣ್ಣೆ ಹಾಕು. ಒಂದು ಕೆಜಿ ಹಿಟ್ಟಿಗೆ 300 ಗ್ರಾಂ. ಕೋಳಿ ಬೇಯಿಸಿದ ನೀರು ಹಾಕಿಕೊಂಡು ಕೈ ಸೋಲುವವರೆಗೆ ನಾದು. ಒಂದು ಚೂರು ಹಿಟ್ಟನ್ನು ಲೋಟದ ನೀರಿಗೆ ಬಿಡು. ತೇಲಿದರೆ ಹದ, ಮುಳುಗಿದರೆ ಇನ್ನೂ ನಾದಬೇಕು. ಒಳಗಿಡುವ ಕೋಳಿಗೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ, ಟೊಮೆಟೊ, ಬೆಳ್ಳುಳ್ಳಿ ಸೇರಿಸಿ ರುಬ್ಬಿಕೋ. ಮುಸುಕು ಸಿಗದಿದ್ದರೆ ಬಾಳೆಲೆ ಬಾಡಿಸಿ ಸುತ್ತು. ಇಲ್ಲಿನ ದಕ್ಷಿಣದ ವಹಾಕಾ ರಾಜ್ಯದಲ್ಲಿ ಬಾಳೆಲೆಯಲ್ಲೂ ಮಾಡುತ್ತಾರೆ. ಇಡ್ಲಿ ಪಾತ್ರೆಯಲ್ಲಿ ಒಂದೂಕಾಲು ಗಂಟೆ ಹಬೆ. ಎಲೆ ಅಂಟದೆ ಬಿಟ್ಟುಕೊಂಡರೆ ಬೆಂದಿದೆ ಅಂತ.

ಅವತ್ತು ಯಾರ ಮೇಲೂ ಕೋಪ ಮಾಡಿಕೊಳ್ಳಬೇಡ. ಮನೆಯಲ್ಲಿ ಕೋಪ ಇದ್ದರೆ ತಮಾಲೆ ಬೇಯುವುದಿಲ್ಲ ಅಂತ ಅಬುವೆಲಿತಾ ಮತ್ತೆ ಮತ್ತೆ ಹೇಳಿ ಕಳಿಸಿದ್ದಾರೆ. ಒಬ್ಬಳೇ ಮಾಡಲೂ ಬೇಡ. ರೂಮಿನ ಹುಡುಗಿಯರನ್ನೆಲ್ಲ ಸೇರಿಸಿಕೋ. ಹಿಂದಿನ ದಿನವೇ ಅಜ್ಜಿಯನ್ನು ಮಂಡ್ಯದಿಂದ ಕರೆಸಿಕೋ. ತಾತನ ಸುಣ್ಣದ ಡಬ್ಬಿ ಅಜ್ಜಿಯ ಸಂದೂಕದಲ್ಲಿ ಇನ್ನೂ ಇದೆ, ತರಲು ಹೇಳು. ಅದರಲ್ಲಿ ಸುಣ್ಣ ತುಂಬಿಕೊಂಡು ಅದರಿಂದಲೇ ಜೋಳಕ್ಕೆ ಹಾಕು.

ಇಡ್ಲಿ ಪಾತ್ರೆಯ ತಳಕ್ಕೆ ಒಂದು ರೂಪಾಯಿ ನಾಣ್ಯ ತೊಳೆದು ಹಾಕು. ನೀರು ಕುದಿಯುವಷ್ಟು ಹೊತ್ತೂ ಟಣಟಣ ಅನ್ನುತ್ತಿರುತ್ತೆ. ಸದ್ದು ನಿಂತರೆ ನೀರು ಮುಗಿಯಿತು ಅಂತ. ಆಗ ಬಿಸಿನೀರನ್ನೇ ಹಾಕಬೇಕು, ತಣ್ಣೀರಲ್ಲ. ಅಜ್ಜಿಯನ್ನು ಒಲೆ ಪಕ್ಕ ಕೂರಿಸಿ ಆ ಸದ್ದು ಕಾಯುವ ಕೆಲಸ ಕೊಡು.

ನಿನ್ನ
ಅಮ್ಮ