ಕುದುರೆಯ ಬೆನ್ನು ಒಣಗಿರಲಿ

ಸಂಪಾದಕರಿಗೆ ನಮಸ್ಕಾರ.

ಹಿಮದಲ್ಲಿ ನಿಂತ ತಟ್ಟು ಕುದುರೆಯೊಂದರ ಚಿತ್ರ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಬೆನ್ನ ಮೇಲೆ ನಾಲ್ಕು ಬೆರಳು ದಪ್ಪ ಹಿಮ. ನನ್ನ ಸೊಸೆ ನೋಡಿ, "ಪಾಪ ಮಾವ, ಒಂದು ಕಂಬಳಿ ಹೊದಿಸಬಾರದಾ?" ಅಂದಳು. ಆ ಹಿಮ ಕರಗದೆ ಹಾಗೇ ಕೂತಿದೆ ನೋಡು, ಮೈಯ ಬಿಸಿ ಹೊರಗೆ ಹೋಗುತ್ತಿಲ್ಲ, ಅದು ಬೆಚ್ಚಗೇ ಇದೆ ಎಂದೆ. ಪಾಪ ಅನ್ನಬೇಕಾದದ್ದು ನಮ್ಮ ರಸ್ತೆಯ ತಿರುವಿನಲ್ಲಿ ಮಳೆಯಲ್ಲಿ ಕಟ್ಟಿರುವ ಎರಡು ಕುದುರೆಗಳಿಗೆ. ಈ ಪತ್ರ ಅವುಗಳಿಗಾಗಿ.

ನಾನು ಸೇನೆಯ ಅನಿಮಲ್ ಟ್ರಾನ್ಸ್‌ಪೋರ್ಟ್ ವಿಭಾಗದಲ್ಲಿದ್ದವನು. ಟ್ರಕ್ ಹತ್ತದ ಕಡೆಗೆ ಹೇಸರಗತ್ತೆ, ತಟ್ಟುಗಳ ಮೇಲೆ ರೇಷನ್ ಮುಟ್ಟಿಸುವುದು ನಮ್ಮ ಕೆಲಸ. 2005ರ ಫೆಬ್ರುವರಿಯಲ್ಲಿ ಕಾಶ್ಮೀರದಲ್ಲಿದ್ದೆ. ಅಂಥ ಹಿಮ ಅಲ್ಲಿನ ಹಿರಿಯರಿಗೂ ಅಪರೂಪ. ಪೀರ್ ಪಂಜಾಲ್ ಬೆಟ್ಟದ ವಾಲ್ಟೆಂಗೂ ನಾಡ್ ಎಂಬ ಹಳ್ಳಿಯ ಮೇಲೆ ಹಿಮ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಆಗಲೇ. ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮೇವಿನ ಲಾರಿ ಬರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಹನ್ನೊಂದು ಪ್ರಾಣಿಗಳಿದ್ದವು.

ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ತಗಡಿನ ಮಾಡಿನಿಂದ ಹಿಮ ಎಳೆದು ಹಾಕುತ್ತಿದ್ದೆವು. ಬಿಟ್ಟರೆ ಮಾಡೇ ಕುಸಿಯುತ್ತಿತ್ತು. ಹೊರಗೆ ನಡೆಸಿದರೆ ಲಾಳದೊಳಗೆ ಹಿಮ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಕುದುರೆ ಉರುಟು ಕಲ್ಲಿನ ಮೇಲೆ ನಿಂತ ಹಾಗೆ ತೂರಾಡುತ್ತದೆ. ಅದಕ್ಕೆ ಗೊರಸಿನ ಅಡಿಗೆ ಗ್ರೀಸ್ ಬಳಿಯಬೇಕು. ಇದನ್ನು ಕಲಿಸಿದವರು ಅಲ್ಲಿನ ಒಬ್ಬ ಮುದುಕ. ಅವರು ತಟ್ಟುಗಳ ಜೊತೆಗೇ ಹುಟ್ಟಿ ಬೆಳೆದವರು. ನಾವು ಚಾಚಾ ಅನ್ನುತ್ತಿದ್ದೆವು.

ಚಳಿಗೆ ಹುರುಳಿ ಜಾಸ್ತಿ ಕೊಡೋಣ ಎಂದು ನಾನು ಹೊರಟರೆ ಚಾಚಾ ತಡೆದರು. ಹುಲ್ಲು ಹಾಕು, ರಾತ್ರಿಯೆಲ್ಲಾ ಬಾಯಾಡಿಸಲಿ ಎಂದರು. ಹುಲ್ಲು ಕುದುರೆಯ ದೊಡ್ಡ ಕರುಳಿನಲ್ಲಿ ಹುಳಿಯುತ್ತದೆ, ಆಗ ಒಳಗೆ ಬಿಸಿ ಹುಟ್ಟುತ್ತದೆ. ನಮ್ಮ ತೋಟದಲ್ಲಿ ಕಾಫಿ ಸಿಪ್ಪೆಯ ರಾಶಿಗೆ ಬೆಳಿಗ್ಗೆ ಕೈ ಹಾಕಿದರೆ ಸುಡುತ್ತದಲ್ಲ, ಹಾಗೆ. ದಪ್ಪ ರೋಮ ಬಂದ ಕುದುರೆಯ ಮೈ ಒಣಗಿದ್ದು, ಮುಂದೆ ಹುಲ್ಲಿದ್ದರೆ ಸೊನ್ನೆಗಿಂತ 10 ಡಿಗ್ರಿ ಕೆಳಗೂ ಅದು ಆರಾಮಾಗಿ ನಿಲ್ಲುತ್ತದೆ.

ಆದರೂ ಒಂದನ್ನು ಕಳೆದುಕೊಂಡೆವು. ಚಳಿಯಿಂದಲ್ಲ. ತೊಟ್ಟಿಯ ನೀರು ಮಂಜುಗಡ್ಡೆಯಾಗಿತ್ತು. ಸುತ್ತ ಹಿಮ ಇದೆಯಲ್ಲ, ನೆಕ್ಕಿಕೊಳ್ಳುತ್ತವೆ ಎಂದು ಒಂದೂವರೆ ದಿನ ಸುಮ್ನೆ ಬಿಟ್ಟೆವು. ಹತ್ತು ಬಕೆಟ್ ಹೊಸ ಹಿಮ ಕರಗಿಸಿದರೆ ಸಿಗುವುದು ಸುಮಾರು ಒಂದು ಬಕೆಟ್ ನೀರು. ಒಂದು ತಟ್ಟುವಿಗೆ ದಿನಕ್ಕೆ 15–20 ಲೀಟರ್ ಬೇಕು. ನೀರಿಲ್ಲದೆ ಒಣಹುಲ್ಲು ತಿಂದ ಕಂದು ಬಣ್ಣದ ಹೆಣ್ಣು ಕುದುರೆಗೆ ಹೊಟ್ಟೆ ಕಟ್ಟಿತು. ಮತ್ತೆ ಮತ್ತೆ ತನ್ನ ಪಕ್ಕೆಯನ್ನೇ ತಿರುಗಿ ನೋಡುತ್ತಿತ್ತು. ಬೆಳಗಾಗುವಷ್ಟರಲ್ಲಿ ಹೋಯಿತು. ಆಮೇಲೆ ಪ್ರತಿದಿನ ಬೆಚ್ಚಗಿನ ನೀರಿಗೆ ಚೂರು ಉಪ್ಪು ಹಾಕಿ ಕುಡಿಸಿದೆವು. ಉಳಿದ ಹತ್ತೂ ಬದುಕಿದವು. ಆ ಹೆಣ್ಣು ಕುದುರೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಊರಿಗೆ ಬಂದ ಮೇಲೆ ಗೌರಿ ಅನ್ನುವ ತಟ್ಟು ಸಾಕಿದೆ. ಗೊಬ್ಬರ, ಕಾಫಿ ಮೂಟೆ ಹೊರುತ್ತಾಳೆ. 2018ರ ಆಗಸ್ಟ್ ಮಳೆ ಸಕಲೇಶಪುರದವರು ಯಾರೂ ಮರೆಯುವುದಿಲ್ಲ. ಶಿರಾಡಿ ಘಾಟಿ ಕುಸಿಯಿತು, ರೈಲು ಹಳಿಯ ಮೇಲೆ ಗುಡ್ಡ ಬಂತು. ನಮ್ಮ ತೋಟದ ದಾರಿಯೂ ಕೊಚ್ಚಿಹೋಗಿ ಐದು ದಿನ ಮನೆಯಲ್ಲೇ ಸಿಕ್ಕಿಕೊಂಡೆವು. ಆಗ ಕಾಶ್ಮೀರದ ಪಾಠವೇ ಕೈ ಹಿಡಿಯಿತು. ಅಟ್ಟದ ಮೇಲಿನ ಒಣಹುಲ್ಲು ಗೌರಿಗೆ. ಬಚ್ಚಲ ಹಂಡೆಯ ಬಿಸಿನೀರು ಬೆರೆಸಿದ ನೀರು ಕುಡಿಯಲು. ಗೋಣಿಚೀಲದಲ್ಲಿ ದಿನಕ್ಕೆ ಎರಡು ಸಲ ಮೈ ಒರೆಸಿದೆ.

ಹಿಮ ಒಣ, ಕೊಡವಿದರೆ ಉದುರುತ್ತದೆ. ನಮ್ಮ ಪುನರ್ವಸು, ಪುಷ್ಯ ಮಳೆ ಹಾಗಲ್ಲ. ಚರ್ಮಕ್ಕೆ ಇಳಿಯುತ್ತದೆ. ರೋಮ ಮೈಗೆ ಅಂಟಿದರೆ ಒಳಗಿನ ಬಿಸಿಗಾಳಿ ಹೋಗಿಬಿಡುತ್ತದೆ. ಆಗ 15 ಡಿಗ್ರಿಯಲ್ಲೂ ಕುದುರೆ ನಡುಗುತ್ತದೆ.

ತಿರುವಿನ ಆ ಎರಡು ಕುದುರೆಗಳನ್ನು ಒಂದು ರೆಸಾರ್ಟಿನವರು ಬಯಲುಸೀಮೆಯಿಂದ ತರಿಸಿದ್ದಾರೆ. ಜುಲೈಯಲ್ಲಿ ನೋಡಲು ಹೋಗಿದ್ದೆ. ಜೀನಿನ ಕೆಳಗಿನ ಬಟ್ಟೆ ಹಿಂಡಿದರೆ ನೀರು ಸುರಿಯುತ್ತಿತ್ತು. ಅದರ ಮೇಲೆ ನೀಲಿ ಟಾರ್ಪಾಲು. ಎತ್ತಿದರೆ ಬೆನ್ನಿನ ಕೂದಲು ಹಕ್ಕಳೆ ಸಮೇತ ಗುಚ್ಛಗುಚ್ಛವಾಗಿ ಕೈಗೆ ಬಂತು. ಗೊರಸಿನ ಅಡಿಯಲ್ಲಿ ಕೊಳೆತ ವಾಸನೆ. ನೋಡಿಕೊಳ್ಳುವ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ. "ಮಳೆ ನೋಡೋಕೇ ಬರ್ತಾರೆ ಅಂಕಲ್, ಈಗಲೇ ಗಿರಾಕಿ ಜಾಸ್ತಿ" ಅಂದ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅವನೂ ನೆನೆದೇ ನಿಂತಿದ್ದ.

ಕುದುರೆ ಇಟ್ಟುಕೊಂಡವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಮೂರು ಕಡೆ ಮರೆ ಇರುವ ತಗಡಿನ ಚಪ್ಪರ, ನೀರು ನಿಲ್ಲದ ನೆಲ, ಬೂಷ್ಟು ಹಿಡಿಯದ ಹುಲ್ಲು. ಒದ್ದೆ ಬೆನ್ನಿಗೆ ಟಾರ್ಪಾಲು ಹೊದಿಸಲೇಬೇಡಿ, ಒಳಗೇ ಬೆಂದುಹೋಗುತ್ತದೆ. ಗೊರಸನ್ನು ದಿನಾ ಕೆರೆದು ಒಣಗಿಸಿ.

ಸವಾರಿ ಮಾಡುವವರಿಗೂ ಒಂದು ಮಾತು. ಹೊರೆ ಹೊರುವ ಪ್ರಾಣಿಗಳ 1965ರ ನಿಯಮದಲ್ಲಿ ತಟ್ಟುವಿನ ಹೊರೆಗೆ 70 ಕಿಲೋ ಮಿತಿ ಇದೆ. ಎಂಬತ್ತು, ತೊಂಬತ್ತು ಕಿಲೋ ಇರುವವರು ಕೆಸರಿನ ದಾರಿಯಲ್ಲಿ ಹತ್ತಿ ಕೂರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮುಳ್ಳಯ್ಯನಗಿರಿಗೆ ಬನ್ನಿ, ಮನಾಲಿಗೆ ಹೋಗಿ. ಕುದುರೆ ಹತ್ತುವ ಮೊದಲು ಜೀನಿನ ಕೆಳಗೆ ಕೈ ಹಾಕಿ ನೋಡಿ. ಒದ್ದೆ ಇದ್ದರೆ ಹುಡುಗನಿಗೆ ದುಡ್ಡು ಕೊಟ್ಟು, ಹತ್ತದೆ ಮುಂದೆ ಹೋಗಿ.

ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಪಶುಪಾಲನಾ ಇಲಾಖೆಯವರು ಕಾಲೇಜಿನವರ ಜೊತೆ ಸೇರಿ ಮೇ ತಿಂಗಳಲ್ಲೇ ಒಂದು ದಿನ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಸವಾರಿ ಕುದುರೆಗಳ ಬೆನ್ನು, ಗೊರಸು ನೋಡುವ ಏರ್ಪಾಡು ಮಾಡಲಿ. ಗೊರಸು ಕೆರೆಯುವುದನ್ನು ಆ ಹುಡುಗರಿಗೆ ಕಲಿಸಲು ನಾನು ಬರುತ್ತೇನೆ, ಬಸ್ ಚಾರ್ಜ್ ಕೂಡ ಬೇಡ.

– ಒಬ್ಬ ನಿವೃತ್ತ ಯೋಧ, ಸಕಲೇಶಪುರ ತಾಲ್ಲೂಕು