ಶಿಖರ ಮುಟ್ಟಲಿಲ್ಲ, ಅನ್ನ ಒಂದು ಹೊತ್ತೂ ತಪ್ಪಲಿಲ್ಲ

ಧಾರವಾಡಕ್ಕೆ ಬಂದು ಹತ್ತು ದಿನವಾಯಿತು. ಕೆಮ್ಮು ಇನ್ನೂ ಬಿಟ್ಟಿಲ್ಲ. ಫೋನ್ ಮಾಡಿದವರ ಜೊತೆ ನೆಟ್ಟಗೆ ಮಾತಾಡಲಿಕ್ಕಾಗಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಾನು ಎವರೆಸ್ಟ್ ಹತ್ತಿಲ್ಲ. ಮೂರನೇ ಕ್ಯಾಂಪಿನಿಂದ, ಅಂದರೆ ಸುಮಾರು 7,200 ಮೀಟರಿನಿಂದ, ವಾಪಸ್ ಬಂದೆ. ಓಣಿಯವರು ಪ್ರೀತಿಯಿಂದ ಕಟ್ಟಿದ ‘ಎವರೆಸ್ಟ್ ವಿಜೇತೆ’ ಬ್ಯಾನರ್ ಬಿಚ್ಚಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಲವತ್ತು ದಿನಕ್ಕೂ ಹೆಚ್ಚು ನನ್ನ ಮನೆಯಾಗಿದ್ದದ್ದು 5,364 ಮೀಟರಿನ ಬೇಸ್ ಕ್ಯಾಂಪ್. ಖುಂಬು ಹಿಮನದಿಯ ಮೇಲೆ ಕಲ್ಲು ಸಮ ಮಾಡಿ ಹಾಕಿದ ಡೇರೆ. ರಾತ್ರಿ ತಲೆದಿಂಬಿನ ಕೆಳಗೇ ಹಿಮ ಲಟಕ್ಕೆಂದು ಬಿರಿಯುತ್ತಿತ್ತು. ಮೇ ತಿಂಗಳಿಗೆ ಸುತ್ತಲಿನ ಹಿಮ ಕರಗಿ, ಡೇರೆ ಕಟ್ಟೆಯ ಮೇಲೆ ಕೂತ ಹಾಗಾಯಿತು. ಎರಡು ಸಲ ಕಿತ್ತು ಬೇರೆ ಕಡೆ ಹಾಕಬೇಕಾಯಿತು. ಹಾಕಿದ್ದು ನಾನಲ್ಲ, ಅಡುಗೆ ಡೇರೆಯ ಹುಡುಗರು.

ಹಿಮ ಕಡಿದು, ಹೊತ್ತು ತಂದು, ಕರಗಿಸಿ ನಮಗೆ ನೀರು ಮಾಡಿದವರೂ ಅವರೇ. ಅಲ್ಲಿ ನೀರು 83 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಎಷ್ಟು ಕುದಿಸಿದರೂ ಬೇಳೆ ಮಾತ್ರ ಬೇಯುವುದಿಲ್ಲ, ಎಲ್ಲಕ್ಕೂ ಕುಕ್ಕರೇ ಬೇಕು. ಸೀಟಿ ಕೇಳಿದಾಗೊಮ್ಮೆ ನನಗೆ ಅವ್ವನ ಅಡುಗೆಮನೆ.

ಅಡುಗೆ ಮಾಡುವವರನ್ನು ಎಲ್ಲರೂ ‘ದಾಯಿ’ ಅನ್ನುತ್ತಿದ್ದರು, ಅಣ್ಣ ಅಂತ. ಆ ಎತ್ತರದಲ್ಲಿ ಹಸಿವೇ ಸತ್ತುಹೋಗುತ್ತದೆ. ಎರಡನೇ ಕ್ಯಾಂಪಿಗೆ ಹೋಗಿಬಂದ ದಿನ ನಾನು ತಾಟು ಸರಿಸಿದೆ. ದಾಯಿ ಏನೂ ಅನ್ನದೆ ನನ್ನ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು, ಬಿಸಿ ಅನ್ನದ ಮೇಲೆ ಸುರಿದು, ಬೆಣ್ಣೆ ಹಾಕಿ ಕಲಸಿಕೊಟ್ಟರು. “ಖಾನುಸ್, ಬಹಿನಿ,” ಉಣ್ಣು ತಂಗಿ ಅಂತ. ತಾಟು ಖಾಲಿಯಾಗುವ ತನಕ ಅಲ್ಲೇ ನಿಂತರು.

ಬೇಸ್ ಕ್ಯಾಂಪಿನ ಮೇಲೆ ಹಿಮನದಿ ಒಡೆದು ಬಿರುಕುಬಿಟ್ಟ ಇಳಿಜಾರಿನಲ್ಲಿ, ಅಂದರೆ ‘ಐಸ್‌ಫಾಲ್’ನಲ್ಲಿ, ಏಣಿ, ಹಗ್ಗ ಕಟ್ಟುವ ‘ಐಸ್‌ಫಾಲ್ ಡಾಕ್ಟರು’ಗಳಿಗೂ ಕೈಮುಗಿಯುತ್ತೇನೆ. ಅದೇ ದಾರಿಯಲ್ಲಿ 2014ರ ಏಪ್ರಿಲ್ 18ರಂದು ಹಿಮ ಕುಸಿದು 16 ನೇಪಾಳಿ ಕೆಲಸಗಾರರು ಹೋದರು. ಹತ್ತಲು ಶುರು ಮಾಡುವ ಮೊದಲಿನ ಪೂಜೆಯ ದಿನ ಲಾಮಾ ಧೂಪ ಹಾಕುವಾಗ ನಾವು ಫೋಟೊ ತೆಗೆಯುತ್ತಿದ್ದೆವು, ಶೆರ್ಪಾಗಳು ಕಣ್ಣು ಮುಚ್ಚಿದ್ದರು.

ಕೆಮ್ಮು ಶುರುವಾದಾಗ ಎದೆ ಕೇಳಿ “ಕೆಳಗಿಳಿ” ಅಂದ ವೈದ್ಯರಿಗೆ ಧನ್ಯವಾದ. ಕೆಳಗಿನ ಫೆರಿಚೆ ಎಂಬ ಹಳ್ಳಿಯಲ್ಲಿ ಮೂರು ದಿನ ದಪ್ಪ ಗಾಳಿ ಉಸಿರಾಡಿದ ಮೇಲೆಯೇ ಮೂರನೇ ಕ್ಯಾಂಪ್ ಮುಟ್ಟಲಿಕ್ಕಾದದ್ದು. ಅಲ್ಲಿ ಪಕ್ಕೆಲುಬು ಹಿಡಿದುಕೊಂಡು ಕೆಮ್ಮುತ್ತಿದ್ದಾಗ ನನ್ನ ಜೊತೆಗಿದ್ದ ಶೆರ್ಪಾ ಮಾತಿಲ್ಲದೆ ನನ್ನ ಚೀಲ ಕಟ್ಟಿಬಿಟ್ಟ. ಭಾಳ ಸಿಟ್ಟು ಬಂದಿತ್ತು. ಶಿಖರ ಮುಟ್ಟಿಸಿದರಷ್ಟೇ ಅವನಿಗೆ ಬೋನಸ್ಸು ಎಂಬುದು ಕೆಳಗಿಳಿದ ಮೇಲೆ ಹೊಳೆಯಿತು. ನನ್ನನ್ನು ಇಳಿಸಿ ಅವನು ಅದನ್ನು ಬಿಟ್ಟಿದ್ದ.

ನಮ್ಮ ಶೌಚದ ನೀಲಿ ಡ್ರಮ್ಮು ಬೆನ್ನಿಗೆ ಕಟ್ಟಿಕೊಂಡು ಗೋರಕ್ ಶೇಪ್ ಕಡೆ ಇಳಿದವರ ಹೆಸರು ಕೇಳಲೇ ಇಲ್ಲ. ಅದು ನನ್ನ ತಪ್ಪು.

ಇನ್ನು ದುಡ್ಡಿನ ಮಾತು. ಪರ್ಮಿಟ್ಟಿಗೇ ಸಾವಿರಾರು ಡಾಲರ್. ಕೊಡುತ್ತೇವೆಂದವರೊಬ್ಬರು ಕೊನೇ ಗಳಿಗೆಯಲ್ಲಿ ಕೈ ಎತ್ತಿದರು, ಇರಲಿ. ಆಫೀಸಿನವರು ಪಟ್ಟಿ ಎತ್ತಿದರು. ಅತ್ತೆ ತಮ್ಮ ಪಾಟ್ಲಿ ಅಡವಿಡಲು ಕೊಟ್ಟರು, ಬಿಡಿಸಿಕೊಡುವ ತನಕ ದಿನಾ ನೆನಪಿಸುತ್ತೇನೆ ಅಂದಿದ್ದರು. ನೆನಪಿಸುತ್ತಲೂ ಇದ್ದಾರೆ. ಯಜಮಾನರು ಎರಡು ತಿಂಗಳು ಮಕ್ಕಳ ಡಬ್ಬಿ ಕಟ್ಟಿದರು, ದಿನಾ ಚಿತ್ರಾನ್ನವೇ ಆದರೂ.

ಹೊರಡುವ ದಿನ ದಾಯಿ ಚಟ್ನಿಪುಡಿಯ ಖಾಲಿ ಡಬ್ಬಿ ತಾವೇ ಇಟ್ಟುಕೊಂಡರು. ಅವ್ವ ಈಗಲೇ ಶೇಂಗಾ ಆರಿಸಲು ಕೂತಿದ್ದಾಳೆ. ಅಕ್ಟೋಬರಿನಲ್ಲಿ ಯಾರಾದರೂ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಟಿದ್ದರೆ ತಿಳಿಸಿ. ನಾಮ್ಚೆ ಪೇಟೆ ದಾಟಿದ ಮೇಲೆ ದಾಯಿಯ ಊರು ದಾರಿಯಲ್ಲೇ ಸಿಗುತ್ತದೆ. ಎರಡು ಕೇಜಿ ಒಯ್ಯಬೇಕು, ಅಷ್ಟೇ.